ಗರ್ಭಕೋಶ ಜಾರಿದರೆ ಏನು ಮಾಡಬೇಕು? ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೊಡ್ಡಮ್ಮ ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಹಳೇ ಸೀರೆಯ ತುಂಡನ್ನು ಕಚ್ಚೆಯ ಹಾಗೆ ಬಿಗಿಯಾಗಿ ಕಟ್ಟಿಕೊಂಡು ಗದ್ದೆಗೆ ಹೋಗುತ್ತಿದ್ದರು, ನಾಟಿ ಮಾಡುತ್ತಿದ್ದರು, ಹುಲ್ಲಿನ ಹೊರೆ ಹೊತ್ತು ತರುತ್ತಿದ್ದರು. ಒಂದು ಮದುವೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಇವರೊಬ್ಬರೇ ಗೋಡೆಗೆ ಒರಗಿ ನಿಂತಿದ್ದರು. ಯಾಕೆ ಅಂತ ಕೇಳಿದೆ. "ಕೂತರೆ ಒತ್ತುತ್ತೆ ಕಣೇ. ಮೈ ಹೊರಗೆ ಬರುತ್ತೆ. ಯಾರಿಗೂ ಹೇಳಬೇಡ" ಅಂದರು. ಆಗ ನಾನು ಫಿಸಿಯೋಥೆರಪಿ ಓದಿ ಮುಗಿಸಿ ಎರಡು ವರ್ಷ ಆಗಿತ್ತು.

ಈಗ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಇಂಥ ಹೆಂಗಸರ ಜೊತೆಗೇ. ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಮಗಳ ಕೈಲಿ ಚೀಟಿ ಬರೆಸಿ ಕೇಳಿದ್ದು, ಎಲ್ಲಾ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಆಪರೇಷನ್ ಮಾಡುವ ಡಾಕ್ಟರಲ್ಲ. ನಿಮ್ಮ ಮೈ ಪರೀಕ್ಷೆ ಮಾಡಿದವರ ಮಾತೇ ಕೊನೆಯ ಮಾತು. ಆದರೆ ಅವರ ಮುಂದೆ ಕೂರುವಾಗ ನಿಮಗೆ ಎಷ್ಟು ದಾರಿಗಳಿವೆ ಅಂತ ಗೊತ್ತಿರಲಿ. ಜಾರಿದೆ ಅಂದ ಮಾತ್ರಕ್ಕೆ ತೆಗೆಸಲೇಬೇಕು ಅಂತಿಲ್ಲ.

## ಮೊದಲ ಭಯ

"ಸ್ನಾನ ಮಾಡುವಾಗ ಕೆಳಗೆ ಏನೋ ಗಡ್ಡೆ ಥರ ಕೈಗೆ ಸಿಕ್ತು. ಕ್ಯಾನ್ಸರ್ರಾ?"

ಹೆಚ್ಚಿನವರಿಗೆ ಅಲ್ಲ. ಮಗುವನ್ನು ಮಲಗಿಸುವ ಸೀರೆಯ ಜೋಲಿ ನೋಡಿದ್ದೀರಲ್ಲ, ನಮ್ಮ ಕಿಬ್ಬೊಟ್ಟೆಯ ತಳದಲ್ಲೂ ಅಂಥದ್ದೇ ಒಂದು ಮಾಂಸಖಂಡದ ಜೋಲಿ ಇದೆ. ಮೂತ್ರಚೀಲ, ಗರ್ಭಕೋಶ, ಮಲಚೀಲ ಮೂರಕ್ಕೂ ಅದೇ ಆಸರೆ. ಮೇಲಿನಿಂದ ಹಗ್ಗದ ಹಾಗೆ ಹಿಡಿದಿರುವ ನಾರುಗಳೂ ಇವೆ. ಜೋಲಿ ಸಡಿಲವಾಗಿ, ಹಗ್ಗವೂ ಉದ್ದವಾದರೆ ಒಳಗಿದ್ದದ್ದು ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗ ಏನೂ ಇರುವುದಿಲ್ಲ, ಸಂಜೆಗೆ ಭಾರ ಶುರುವಾಗುತ್ತದೆ, ಮಲಗಿದರೆ ತಾನೇ ಒಳಗೆ ಹೋಗುತ್ತದೆ ಅಂದರೆ ಹೆಚ್ಚಾಗಿ ಇದೇ. ಆದರೂ ಒಮ್ಮೆ ತೋರಿಸಿ. ಕೈಗೆ ಸಿಕ್ಕಿದ್ದು ಏನು ಅಂತ ನೋಡದೆ ಯಾರೂ ಹೇಳಲಾಗದು.

"ನಾನು ಗರ್ಭಕೋಶ ಅಂದ್ಕೊಂಡಿದ್ದೆ, ಡಾಕ್ಟರು ಮೂತ್ರಚೀಲ ಅಂದ್ರು. ಯಾವುದು ಜಾರಿರೋದು?"

ಯಾವುದು ಬೇಕಾದರೂ ಇರಬಹುದು, ಎರಡು ಮೂರು ಒಟ್ಟಿಗೂ ಇರಬಹುದು. ಯೋನಿಯ ಮುಂದಿನ ಗೋಡೆ ಸಡಿಲವಾದರೆ ಮೂತ್ರಚೀಲ ಉಬ್ಬಿಕೊಂಡು ಬರುತ್ತದೆ. ಆಗ ಮೂತ್ರ ಪೂರ್ತಿ ಹೋಗುವುದಿಲ್ಲ, ಎದ್ದು ಬಂದರೆ ಮತ್ತೆ ಬಂದ ಹಾಗೆ ಆಗುತ್ತದೆ. ಹಿಂದಿನ ಗೋಡೆ ಸಡಿಲವಾದರೆ ಮಲಚೀಲ ಉಬ್ಬುತ್ತದೆ, ಬೆರಳಿಂದ ಒತ್ತಿ ಹಿಡಿದರೆ ಮಾತ್ರ ಮಲ ಹೋಗುತ್ತದೆ. ಇದನ್ನು ಹೇಳಲು ಹೆಂಗಸರು ತುಂಬಾ ನಾಚುತ್ತಾರೆ. ದಯವಿಟ್ಟು ಹೇಳಿ, ಯಾವ ಗೋಡೆ ಅಂತ ಗೊತ್ತಾಗುವುದು ಅದರಿಂದಲೇ. ನಡುವೆ ಇಳಿಯುವುದು ಗರ್ಭಕೋಶ. ಅದನ್ನು ತೆಗೆಸಿದವರಿಗೆ ಯೋನಿಯ ಮೇಲ್ತುದಿ.

"ಚೀಟಿಯಲ್ಲಿ ಎರಡನೇ ಸ್ಟೇಜ್ ಅಂತ ಬರೆದಿದ್ದಾರೆ. ರಾತ್ರಿ ನಿದ್ದೆ ಬರ್ತಿಲ್ಲ"

ಇದು ಕ್ಯಾನ್ಸರಿನ ಸ್ಟೇಜ್ ಅಲ್ಲ, ಬರೀ ಅಳತೆ. 1996ರಿಂದ ಡಾಕ್ಟರುಗಳು ಪಿಒಪಿ-ಕ್ಯು ಅನ್ನುವ ಅಳತೆ ಬಳಸುತ್ತಾರೆ. ಯೋನಿಯ ಬಾಯಲ್ಲಿರುವ ಪೊರೆಯೇ ಗುರುತು. ಅದಕ್ಕಿಂತ 1 ಸೆಂಟಿಮೀಟರ್‌ಗೂ ಜಾಸ್ತಿ ಒಳಗಿದ್ದರೆ ಒಂದನೇ ಸ್ಟೇಜ್. ಆ ಗುರುತಿನ 1 ಸೆಂಟಿಮೀಟರ್ ಒಳಗೆ ಅಥವಾ ಹೊರಗೆ ಇದ್ದರೆ ಎರಡು. ಅದಕ್ಕೂ ಹೊರಗೆ ಬಂದರೆ ಮೂರು. ಹೆಚ್ಚುಕಮ್ಮಿ ಪೂರ್ತಿ ಹೊರಗೆ ಬಂದರೆ ನಾಲ್ಕು. ಎರಡನೇ ಸ್ಟೇಜ್ ಇದ್ದೂ ಏನೂ ತೊಂದರೆ ಇಲ್ಲದವರು ಎಷ್ಟೋ ಜನ ಇದ್ದಾರೆ. ಚಿಕಿತ್ಸೆಗೆ ಮುಖ್ಯ ಆಗುವುದು ಸ್ಟೇಜ್ ನಂಬರಿಗಿಂತ ನಿಮಗೆ ಎಷ್ಟು ಕಷ್ಟ ಆಗುತ್ತಿದೆ ಅನ್ನುವುದು.

"ಮಕ್ಕಳಾಗದ ಆಪರೇಷನ್ ಮಾಡಿಸಿದ ಮೇಲೇ ಶುರುವಾಗಿದ್ದು. ಅದರಿಂದಲೇ ಅಲ್ವಾ?"

ಅಲ್ಲ. ಆ ಆಪರೇಷನ್ನಿನಲ್ಲಿ ಮುಟ್ಟುವುದು ಅಂಡನಾಳಗಳನ್ನು ಮಾತ್ರ. ಗರ್ಭಕೋಶದ ಆಸರೆಗೆ ಏನೂ ಮಾಡುವುದಿಲ್ಲ. ಎರಡು ಮೂರು ಹೆರಿಗೆ ಆದ ಮೇಲೆ ಆಪರೇಷನ್ ಆಗಿರುತ್ತದೆ, ಸಡಿಲ ಮಾಡಿದ್ದು ಆ ಹೆರಿಗೆಗಳು. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ "ಮುಕ್ಕು, ಮುಕ್ಕು" ಅಂತ ಅವಸರ ಮಾಡುವುದು, ತುಂಬಾ ಹೊತ್ತು ಎಳೆದ ಹೆರಿಗೆ, ದಪ್ಪ ಮಗು, ಬಾಣಂತನ ಮುಗಿಯುವ ಮೊದಲೇ ಕೊಡ ಹೊರುವುದು. ಆಮೇಲೆ ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆ, ಮೈ ತೂಕ. ಮುಟ್ಟು ನಿಂತ ಮೇಲೆ ಹಾರ್ಮೋನ್ ಕಡಿಮೆಯಾಗಿ ಇದ್ದ ಬಿಗಿಯೂ ಹೋಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ನಾರು ಮೆದು ಇರುತ್ತದೆ. ಸಿಸೇರಿಯನ್ ಆದವರಿಗೆ ಕಡಿಮೆ, ಆದರೆ ಬರುವುದೇ ಇಲ್ಲ ಅಂತಲ್ಲ.

"ಬಾಣಂತನದಲ್ಲಿ ಹೊಟ್ಟೆ ಬಿಗಿಯಾಗಿ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಜಾರಿದ್ದು ಅಂತ ಅತ್ತೆ ಬೈತಾರೆ"

ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದ ಸೊಂಟಕ್ಕೆ ಹಿತ ಅನ್ನಿಸಬಹುದು, ಕಟ್ಟಿಕೊಳ್ಳಿ. ಆದರೆ ಅದು ಕೆಳಗಿನ ಜೋಲಿಯನ್ನು ಎತ್ತಿ ಹಿಡಿಯುವುದಿಲ್ಲ. ತೀರಾ ಬಿಗಿ ಮಾಡಿದರೆ ಹೊಟ್ಟೆಯ ಒತ್ತಡ ಕೆಳಕ್ಕೇ ಹೋಗಬೇಕಲ್ಲ. ಅತ್ತೆಯವರಿಗೆ ನಿಧಾನವಾಗಿ ಹೇಳಿ, ಆ ವಿಷಯದಲ್ಲಿ ನಿಮ್ಮ ತಪ್ಪಿಲ್ಲ.

"ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?"

ಮೂತ್ರ ಕಟ್ಟಿಕೊಂಡರೆ ಅದೇ ದಿನ. ಹೊರಗೆ ಬಂದದ್ದು ಒಳಗೆ ಹೋಗದೆ ಊದಿಕೊಂಡು ನೋಯುತ್ತಿದ್ದರೆ ಅದೇ ದಿನ. ಜ್ವರದ ಜೊತೆ ಕೆಟ್ಟ ವಾಸನೆಯ ಸ್ರಾವ ಇದ್ದರೂ ಅಷ್ಟೇ. ಮುಟ್ಟು ನಿಂತವರಿಗೆ ಒಂದು ಹನಿ ರಕ್ತ ಕಂಡರೂ, ಬಟ್ಟೆ ಉಜ್ಜಿ ಹುಣ್ಣಾಗಿದ್ದರೂ ಆ ವಾರದೊಳಗೆ ತೋರಿಸಿ.

## ಆಪರೇಷನ್ ಇಲ್ಲದ ದಾರಿಗಳು

"ಏನೂ ಮಾಡಿಸದೆ ಹಾಗೇ ಬಿಟ್ಟರೆ?"

ತೊಂದರೆ ಕಡಿಮೆ ಇದ್ದರೆ ಬಿಡಬಹುದು. ಡಾಕ್ಟರು ನೋಡಿ "ಸದ್ಯಕ್ಕೆ ಬೇಡ, ವರ್ಷಕ್ಕೊಮ್ಮೆ ಬನ್ನಿ" ಅಂದರೆ ಅದೂ ಒಂದು ಚಿಕಿತ್ಸೆಯೇ. ಜಾರಿದ್ದೆಲ್ಲಾ ಜಾರುತ್ತಲೇ ಹೋಗುತ್ತದೆ ಅಂತಿಲ್ಲ. ಪೂರ್ತಿ ಹೊರಗೆ ಬಂದಿರುವವರು ಮಾತ್ರ ಹಾಗೆ ಬಿಡಬಾರದು. ಕಿಡ್ನಿಯಿಂದ ಮೂತ್ರ ತರುವ ನಾಳಗಳು ಅದರ ಜೊತೆ ಕೆಳಗೆ ಎಳೆದು, ಬಾಗಿ, ಕಿಡ್ನಿ ಊದಿಕೊಳ್ಳಬಹುದು. ನೋವೇ ಇಲ್ಲದೆ ಆಗುವ ತೊಂದರೆ ಇದು. ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ.

"ಕೆಗಲ್ ಎರಡು ವಾರ ಮಾಡಿದೆ, ಏನೂ ಪ್ರಯೋಜನ ಆಗಲಿಲ್ಲ"

ಕೆಗಲ್ ಅಂದರೆ ಕೆಳಗಿನ ಜೋಲಿಯ ಮಾಂಸಖಂಡವನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ. ಎರಡು ವಾರಕ್ಕೆ ಆಗುವುದಿಲ್ಲ, ಇದು ಮಾಂಸಖಂಡ ಬೆಳೆಸುವ ಕೆಲಸ. ಒಂದು ಮತ್ತು ಎರಡನೇ ಸ್ಟೇಜಿನವರು ಹೇಳಿಕೊಡುವವರ ಕೈಕೆಳಗೆ ಕಡಿಮೆ ಅಂದರೂ 16 ವಾರ ಮಾಡಬೇಕು ಅಂತ ಬ್ರಿಟನ್ನಿನ 2019ರ ಮಾರ್ಗಸೂಚಿಯೇ ಹೇಳುತ್ತದೆ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗಲ್ 1948ರಲ್ಲಿ ಇದನ್ನು ಬರೆದರು, ಹೆಸರು ಅವರದ್ದೇ ಉಳಿಯಿತು.

ಎರಡನೇ ಕಾರಣ ಇನ್ನೂ ದೊಡ್ಡದು. ನನ್ನ ಹತ್ತಿರ ಬರುವ ಎಷ್ಟೋ ಜನ "ಮಾಡ್ತಿದ್ದೀನಿ" ಅಂತಾರೆ. ಪರೀಕ್ಷೆ ಮಾಡಿ ನೋಡಿದರೆ ಬಿಗಿ ಹಿಡಿಯುವ ಬದಲು ಕೆಳಕ್ಕೆ ಮುಕ್ಕುತ್ತಿರುತ್ತಾರೆ, ಅಂದರೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಸರಿಯಾದ ಕ್ರಮ ಹೀಗೆ. ಮಂಡಿ ಮಡಿಸಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಗಾಳಿ ಹೋಗುವ ಹಾಗಿದ್ದರೆ ಹೇಗೆ ತಡೆಯುತ್ತೀರೋ ಹಾಗೆ ಹಿಂದಿನಿಂದ ಬಿಗಿ ಹಿಡಿಯಿರಿ, ಅದನ್ನೇ ಮುಂದಕ್ಕೂ ತಂದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆ, ತೊಡೆ, ಕುಂಡೆ ಸಡಿಲವಾಗೇ ಇರಬೇಕು. ಉಸಿರು ಕಟ್ಟಬಾರದು, ಜೋರಾಗಿ ಒಂದರಿಂದ ಎಣಿಸಿದರೆ ಉಸಿರು ತಾನೇ ಆಡುತ್ತದೆ. ಮೊದಲು ಮೂರು ಎಣಿಸುವಷ್ಟು, ಆಮೇಲೆ ಆರು, ಹತ್ತು. ಬಿಗಿ ಹಿಡಿದಷ್ಟೇ ಹೊತ್ತು ಬಿಡಿ. ಹೀಗೆ 8ರಿಂದ 12 ಸಲ, ದಿನಕ್ಕೆ ಮೂರು ಹೊತ್ತು. ಕುಕ್ಕರ್ ಕೂಗುವ ತನಕ ನಿಂತಿರುತ್ತೀರಲ್ಲ, ಕಲಿತ ಮೇಲೆ ಆಗಲೂ ಮಾಡಬಹುದು. ಕೆಮ್ಮು, ಸೀನು ಬಂದಾಗ, ಬಿಂದಿಗೆ ಎತ್ತುವಾಗ ಮೊದಲು ಬಿಗಿ ಹಿಡಿದು ಆಮೇಲೆ ಎತ್ತಿ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ.

ಪೂರ್ತಿ ಹೊರಗೆ ಬಂದದ್ದನ್ನು ಕೆಗಲ್ ಒಳಗೆ ಕಳಿಸುವುದಿಲ್ಲ, ಸುಮ್ನೆ ಆಸೆ ಹುಟ್ಟಿಸಲಾರೆ. ಒಂದರಿಂದ ಮೂರನೇ ಸ್ಟೇಜಿನವರಿಗೆ ಭಾರ, ಎಳೆತ ಕಡಿಮೆ ಮಾಡುತ್ತದೆ. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಹೆಂಗಸರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳಿಕೊಟ್ಟಾಗ ವರ್ಷದ ನಂತರ ತೊಂದರೆ ಕಡಿಮೆಯಾಗಿದ್ದು ಕಂಡಿತು. ಪ್ರತ್ಯೇಕವಾಗಿ ಹೇಳಿಕೊಟ್ಟಾಗ ಅನ್ನುವುದನ್ನು ಗಮನಿಸಿ. ವಿಡಿಯೋ ನೋಡಿ ಕಲಿಯುವ ಮುಂಚೆ ಒಂದು ಸಲ ಯಾರ ಹತ್ತಿರವಾದರೂ ಸರಿಯಾಗಿ ಮಾಡ್ತಿದ್ದೀನಾ ಅಂತ ಪರೀಕ್ಷೆ ಮಾಡಿಸಿಕೊಳ್ಳಿ.

"ಯೋಗ ಮಾಡಬಹುದಾ? ಇಂಡಿಯನ್ ಟಾಯ್ಲೆಟ್ಟಲ್ಲಿ ಕೂರಬಹುದಾ?"

ಮೂಲಬಂಧ ಒಳ್ಳೆಯದು, ಹೆಚ್ಚುಕಮ್ಮಿ ಕೆಗಲ್ಲೇ ಅದು. ಕಪಾಲಭಾತಿ, ನೌಕಾಸನದಂಥವು ಹೊಟ್ಟೆಯ ಒತ್ತಡ ಕೆಳಕ್ಕೆ ತಳ್ಳುತ್ತವೆ, ಸದ್ಯಕ್ಕೆ ಬಿಡಿ. ಟಾಯ್ಲೆಟ್ಟಿನಲ್ಲಿ ಕೂರುವ ಭಂಗಿಯಿಂದ ಕೆಡುವುದಿಲ್ಲ, ತಿಣುಕುವುದರಿಂದ ಕೆಡುತ್ತದೆ. ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಿಯೂ ಸಾಲದಿದ್ದರೆ ಮಲ ಮೆದುವಾಗುವ ಔಷಧಿ ಕೇಳಿ ತಗೊಳ್ಳಿ. ಕೆಮ್ಮಿಗೂ ಚಿಕಿತ್ಸೆ ಮಾಡಿಸಿ.

"ರಿಂಗ್ ಹಾಕ್ತೀವಿ ಅಂದ್ರು. ಒಳಗೆ ಕಳೆದುಹೋದ್ರೆ?"

ಕಳೆದುಹೋಗಲು ಜಾಗವೇ ಇಲ್ಲ. ಯೋನಿಯ ಮೇಲ್ತುದಿ ಮುಚ್ಚಿದ ಚೀಲದ ತಳದ ಹಾಗೆ ಇರುತ್ತದೆ. ರಿಂಗ್ ಅಥವಾ ಪೆಸರಿ ಅಂದರೆ ಈಗ ಹೆಚ್ಚಾಗಿ ಸಿಲಿಕೋನ್‌ನ ಬಳೆ. ಮಡಿಸಿದರೆ ಮಡಿಯುತ್ತದೆ, ಒಳಗೆ ಹೋಗಿ ಬಿಚ್ಚಿಕೊಂಡು ಜಾರಿದ್ದನ್ನು ಎತ್ತಿ ಹಿಡಿಯುತ್ತದೆ. ಬಳೆಯ ಹಾಗೆ ಇದಕ್ಕೂ ಸೈಜ್ ಇದೆ, ಬೆರಳಿನಲ್ಲಿ ಅಳತೆ ನೋಡಿ ಹಾಕುತ್ತಾರೆ. ಮೊದಲ ಸಲ ಹಾಕಿದ್ದು ಜಾರಿ ಬಿದ್ದರೆ "ನನಗೆ ಆಗಿಬರಲ್ಲ" ಅಂತ ಬಿಟ್ಟುಬಿಡಬೇಡಿ, ಎರಡು ಮೂರು ಸೈಜ್ ನೋಡಬೇಕಾಗುವುದು ಸಾಮಾನ್ಯ. ಹಾಕಿಸಿಕೊಂಡ ಮೇಲೆ ಅಲ್ಲೇ ನಡೆದಾಡಿ, ಕೆಮ್ಮಿ, ಕುಕ್ಕರುಗಾಲಲ್ಲಿ ಕೂತೆದ್ದು, ಮೂತ್ರ ಮಾಡಿ ನೋಡಿಯೇ ಮನೆಗೆ ಹೊರಡಿ. ಸರಿಯಾಗಿ ಕೂತಿದ್ದರೆ ಅದು ಇದೆ ಅಂತಲೇ ಗೊತ್ತಾಗಬಾರದು.

ನಮ್ಮ ದೊಡ್ಡಮ್ಮ ಆರಿಸಿಕೊಂಡಿದ್ದು ಇದನ್ನೇ. ಮೊದಲನೆಯದು ಮೂರನೇ ದಿನಕ್ಕೆ ಬಿತ್ತು. ಎರಡನೆಯದು ನಿಂತಿತು. ಆ ಸಂಜೆ ಆಸ್ಪತ್ರೆಯ ಕಟ್ಟೆ ಮೇಲೆ ಕಾಲು ಮಡಚಿ ಕೂತು ಕಾಫಿ ಕುಡಿದರು, ನಾನು ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಒಂದೇ ಒಂದು ಷರತ್ತು. ಹಾಕಿಸಿಕೊಂಡು ಮರೆಯಬಾರದು. ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆಸಿ, ತೊಳೆಸಿ, ಒಳಗೆ ಗಾಯ ಆಗಿದೆಯಾ ಅಂತ ನೋಡಿಸಬೇಕು. ವರ್ಷಗಟ್ಟಲೆ ಮರೆತರೆ ಅದು ಮಾಂಸದೊಳಗೆ ಹೂತುಕೊಂಡು ಮೂತ್ರಚೀಲಕ್ಕೋ ಮಲಚೀಲಕ್ಕೋ ತೂತು ಮಾಡಬಹುದು. ಮುಟ್ಟು ನಿಂತವರಿಗೆ ಒಳಗಿನ ಚರ್ಮ ತೆಳ್ಳಗಿರುವುದರಿಂದ ಈಸ್ಟ್ರೋಜನ್ ಕ್ರೀಮ್ ಹಚ್ಚಲು ಕೊಡುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಿ. ಕ್ರೀಮ್ ಒಂದರಿಂದಲೇ ಜಾರಿದ್ದು ಮೇಲೆ ಹೋಗುವುದಿಲ್ಲ.

"ಹೇಗೆ ಕೇಳಬೇಕೋ ಗೊತ್ತಿಲ್ಲ... ಗಂಡನ ಜೊತೆ ಇರಬಹುದಾ?"

ಇರಬಹುದು. ಕೂಡುವುದರಿಂದ ಜಾರಿದ್ದು ಇನ್ನೂ ಜಾರುವುದಿಲ್ಲ, ಅವರಿಗೂ ಏನೂ ಅಂಟುವುದಿಲ್ಲ. ಬಳೆಯಂಥ ರಿಂಗ್ ಇದ್ದರೆ ತೆಗೆಯದೆಯೂ ಆಗುತ್ತದೆ. ಬಿರಡೆಯ ಥರದ ಗೆಲ್‌ಹಾರ್ನ್ ಅಥವಾ ಕ್ಯೂಬ್ ಇದ್ದರೆ ತೆಗೆಯಲೇಬೇಕು. ಇದನ್ನು ಹಾಕಿಸಿಕೊಳ್ಳುವ ಮುಂಚೆಯೇ ಕೇಳಿ, ನಾಚಿಕೆ ಬೇಡ.

"ನಾಟಿ ಮದ್ದಿನಿಂದ ಒಳಗೆ ಕೂರಿಸ್ತಾರಂತೆ"

ಬೇರು, ಸೊಪ್ಪಿನ ಉಂಡೆ, ಬಟ್ಟೆಯ ಗಂಟು ಒಳಗಿಡುವುದನ್ನು ನೋಡಿದ್ದೇನೆ, ಅದರಿಂದ ಸುಟ್ಟ ಗಾಯ ಆದವರನ್ನೂ ನೋಡಿದ್ದೇನೆ. ಒಳಗೆ ಏನನ್ನೂ ಇಡಬೇಡಿ.

## ಆಪರೇಷನ್

"ಗರ್ಭಕೋಶ ತೆಗೆಸಿಬಿಟ್ರೆ ಎಲ್ಲಾ ಮುಗೀತಲ್ವಾ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮುಗಿಯುವುದಿಲ್ಲ. ಹಾಳಾಗಿರುವುದು ಆಸರೆ. ಗರ್ಭಕೋಶ ಆ ಆಸರೆ ತಪ್ಪಿ ಇಳಿದಿದೆ ಅಷ್ಟೇ. ಅದನ್ನು ತೆಗೆದು ಮೇಲ್ತುದಿಯನ್ನು ಗಟ್ಟಿಯಾಗಿ ಕಟ್ಟದಿದ್ದರೆ ನಾಳೆ ಆ ತುದಿಯೇ ಇಳಿಯುತ್ತದೆ. ಹಾಗಾಗಿ ಡಾಕ್ಟರಿಗೆ ಕೇಳಬೇಕಾದ ಮೊದಲ ಮಾತು, "ತೆಗೆದ ಮೇಲೆ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ?" ಅಂತ.

ನಮ್ಮಲ್ಲಿ ಹೆಚ್ಚು ಮಾಡುವುದು ಕೆಳಗಿನಿಂದಲೇ ಗರ್ಭಕೋಶ ತೆಗೆದು, ಮುಂದಿನ ಹಿಂದಿನ ಗೋಡೆಗಳನ್ನು ಬಿಗಿ ಮಾಡಿ ಹೊಲಿಯುವ ಆಪರೇಷನ್. ಹೊಟ್ಟೆ ಕುಯ್ಯುವುದಿಲ್ಲ. ಮಕ್ಕಳಾಗಿ, ಮುಟ್ಟು ನಿಂತವರಿಗೆ ಇದು ಒಳ್ಳೆಯ ಆಪರೇಷನ್ನೇ, ಹೆದರಿಸುವುದು ನನ್ನ ಉದ್ದೇಶ ಅಲ್ಲ. ಆದರೆ ಗರ್ಭಕೋಶ ಉಳಿಸಿಯೂ ಮಾಡಬಹುದು. ಸೊಂಟದ ಒಳಗಿನ ಗಟ್ಟಿ ನಾರಿಗೆ ಅದನ್ನು ಹೊಲಿದು ನಿಲ್ಲಿಸುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 208 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷದ ನಂತರ ಉಳಿಸಿದವರ ಫಲಿತಾಂಶ ತೆಗೆದವರದ್ದಕ್ಕಿಂತ ಕಡಿಮೆ ಏನೂ ಇರಲಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿ ಹೋಗುತ್ತೆ, ಸೊಂಟ ನೋವು ಅಂತ ಹೋದ ಎಳೇ ವಯಸ್ಸಿನವರ ಗರ್ಭಕೋಶವನ್ನೂ ತೆಗೆದಿದ್ದರು. 2015ರ ಸುಮಾರಿಗೆ ಅದು ದೊಡ್ಡ ಸುದ್ದಿಯಾಯಿತು. ಬೇಡದ ಗರ್ಭಕೋಶದ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿತು. "ಇವತ್ತೇ ಅಡ್ಮಿಟ್ ಆಗಿ, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ" ಅಂದರೆ ಎದ್ದು ಬಂದು ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಜಾರಿದ ಗರ್ಭಕೋಶ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಅಂಡಾಶಯವನ್ನೂ ತೆಗೆಯುತ್ತೀರಾ, ಯಾಕೆ ಅಂತಲೂ ಕೇಳಿ. ಮುಟ್ಟು ನಿಲ್ಲುವ ಮೊದಲೇ ತೆಗೆದರೆ ಮೂಳೆಗೂ ಹೃದಯಕ್ಕೂ ಪೆಟ್ಟು.

"ನನಗೆ 28. ಒಂದೇ ಮಗು, ಇನ್ನೊಂದು ಬೇಕು"

ಹಾಗಾದರೆ ಆದಷ್ಟು ವ್ಯಾಯಾಮ, ರಿಂಗ್‌ನಲ್ಲಿ ಕಾಯಿರಿ. ಬಸುರಿಯಾದರೂ ರಿಂಗ್ ಹಾಕಬಹುದು, ನಾಲ್ಕನೇ ತಿಂಗಳ ಹೊತ್ತಿಗೆ ಗರ್ಭಕೋಶ ದೊಡ್ಡದಾಗಿ ಸಾಮಾನ್ಯವಾಗಿ ತಾನೇ ಮೇಲೆ ಹೋಗುತ್ತದೆ. ಹೆರಿಗೆಯ ನಂತರ ಮತ್ತೆ ಇಳಿಯಬಹುದು, ಅದಕ್ಕೇ ಮಕ್ಕಳಾದ ಮೇಲೆ ಆಪರೇಷನ್ ಮಾಡಿಸುವುದು ಲೇಸು. ಕಾಯಲು ಆಗದಷ್ಟು ಕಷ್ಟ ಇದ್ದರೆ ಪಟ್ಟಿಯಿಂದ ಗರ್ಭಕೋಶವನ್ನು ಮೇಲಕ್ಕೆ ಎಳೆದು ಕಟ್ಟುವ ಸ್ಲಿಂಗ್ ಆಪರೇಷನ್‌ಗಳಿವೆ. ಇವುಗಳಲ್ಲಿ ಹೆಸರಾದದ್ದು ಮುಂಬೈಯ ಡಾಕ್ಟರುಗಳಾದ ಶಿರೋಡ್ಕರ್ ಮತ್ತು ಪುರಂದರೆ ಅವರ ವಿಧಾನಗಳು. ಎಳೇ ವಯಸ್ಸಿಗೇ ಗರ್ಭಕೋಶ ಜಾರಿದವರನ್ನು ಎದುರಿಗಿಟ್ಟುಕೊಂಡೇ ನಮ್ಮ ದೇಶದ ಡಾಕ್ಟರುಗಳು ಇವನ್ನು ರೂಪಿಸಿದ್ದು. ಗರ್ಭಕೋಶದ ಬಾಯಿ ಕತ್ತರಿಸುವ ಮ್ಯಾಂಚೆಸ್ಟರ್ ಆಪರೇಷನ್ ಅಂದರೆ ಎರಡು ಸಲ ಯೋಚಿಸಿ. ಆಮೇಲೆ ಗರ್ಭ ನಿಲ್ಲುವುದು ಕಷ್ಟ ಆಗಬಹುದು.

"ಅಜ್ಜಿಗೆ 78, ಹೃದಯದ ತೊಂದರೆ ಇದೆ. ಆಪರೇಷನ್ ತಡ್ಕೊಳ್ತಾರಾ?"

ಮೊದಲು ರಿಂಗ್ ನೋಡಿ. ಅದು ನಿಲ್ಲದಿದ್ದರೆ ಲೆ ಫೋರ್ಟ್ ಅನ್ನುವ ಸಣ್ಣ ಆಪರೇಷನ್ ಇದೆ, 1877ರಿಂದ ನಡೆದು ಬಂದದ್ದು. ಯೋನಿಯ ಮುಂದಿನ, ಹಿಂದಿನ ಗೋಡೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು ದಾರಿಯನ್ನೇ ಮುಚ್ಚುತ್ತಾರೆ. ಬೇಗ ಮುಗಿಯುತ್ತದೆ, ಬೆನ್ನಿಗೆ ಸೂಜಿ ಕೊಟ್ಟೇ ಮಾಡಬಹುದು, ಮತ್ತೆ ಜಾರುವುದು ತುಂಬಾ ಕಡಿಮೆ. ಆದರೆ ಮುಂದೆ ಕೂಡಲು ಆಗುವುದಿಲ್ಲ, ಒಳಗೆ ಪರೀಕ್ಷೆಗೂ ದಾರಿ ಇರುವುದಿಲ್ಲ. ಹಾಗಾಗಿ ಮೊದಲೇ ಸ್ಕ್ಯಾನ್, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇದೆಯಾ ಅಂತ ನೋಡುವ ಪ್ಯಾಪ್ ಪರೀಕ್ಷೆ ಆಗಬೇಕು. ಅಜ್ಜಿಯನ್ನೇ ಕೇಳಿ ತೀರ್ಮಾನ ಮಾಡಿ, ಮಕ್ಕಳೇ ಮಾತಾಡಿ ಮುಗಿಸಬೇಡಿ. ಹುಣ್ಣಿದ್ದರೆ ಅದು ಮಾಯುವ ತನಕ ಒಳಗೆ ಕಳಿಸಿ ಔಷಧಿಯ ಬಟ್ಟೆ ಇಟ್ಟು ಕಾಯುತ್ತಾರೆ. ಮಾಯದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

"ಜಾಲರಿ ಹಾಕ್ತೀವಿ ಅಂದ್ರು. ವಿದೇಶದಲ್ಲಿ ಬ್ಯಾನ್ ಆಗಿದೆಯಂತೆ?"

ಜಾಲರಿ ಅಂದರೆ ಆಸರೆಗೆ ಅಂತ ಒಳಗೆ ಹೊಲಿಯುವ ಬಲೆ. ಎಲ್ಲಿಂದ ಹಾಕುತ್ತಾರೆ ಅಂತ ಕೇಳಿ. ಜಾರುವಿಕೆಗೆ ಅಂತ ಯೋನಿಯ ಮೂಲಕ ಹಾಕುವ ಜಾಲರಿಯ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಏಪ್ರಿಲ್ 2019ರಲ್ಲಿ ನಿಲ್ಲಿಸಿತು. ಜಾಲರಿ ಚರ್ಮ ಕೊರೆದು ಹೊರಗೆ ಬಂದು, ವರ್ಷಗಟ್ಟಲೆ ನೋವು ತಿಂದವರು ತುಂಬಾ ಜನ. ಹೊಟ್ಟೆಯ ಕಡೆಯಿಂದ, ಲ್ಯಾಪರೋಸ್ಕೋಪಿಯಲ್ಲಿ ಯೋನಿಯ ಮೇಲ್ತುದಿಯನ್ನು ಬೆನ್ನುಮೂಳೆಯ ಕೆಳಭಾಗಕ್ಕೆ ಜಾಲರಿಯಿಂದ ಕಟ್ಟುವುದು ಬೇರೆ. ಅದು ಈಗಲೂ ನಡೆಯುತ್ತದೆ, ಗಟ್ಟಿಯಾಗಿಯೂ ನಿಲ್ಲುತ್ತದೆ.

"ಎಷ್ಟು ದಿನ ರೆಸ್ಟ್? ಹಸು ನೋಡಿಕೊಳ್ಳೋರು ಯಾರೂ ಇಲ್ಲ"

ಮೂತ್ರದ ಪೈಪು ಒಂದೆರಡು ದಿನ. ಆರು ವಾರ ಭಾರ ಎತ್ತುವುದು, ಗಂಡನ ಜೊತೆ ಮಲಗುವುದು ಬೇಡ. ಹುಲ್ಲಿನ ಹೊರೆ, ತುಂಬಿದ ಕೊಡ ಮೂರು ತಿಂಗಳು ಮುಟ್ಟಬೇಡಿ. ಹಸು ನೋಡುವವರು ಸಿಗುವ ತಿಂಗಳು ನೋಡಿಕೊಂಡೇ ಆಪರೇಷನ್ ದಿನ ಹಿಡಿಯಿರಿ, ಇದು ಓಡಿಹೋಗುವ ಆಪರೇಷನ್ ಅಲ್ಲ. ಕೆಲವರಿಗೆ ಆಪರೇಷನ್ ಆದ ಮೇಲೆ ಕೆಮ್ಮಿದರೆ ಮೂತ್ರ ಸೋರುವುದು ಹೊಸದಾಗಿ ಶುರುವಾಗುತ್ತದೆ, ಮೊದಲು ಜಾರಿದ್ದೇ ಅದನ್ನು ತಡೆದಿರುತ್ತದೆ. ಮೊದಲೇ ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳಿ.

"ದುಡ್ಡು ಎಷ್ಟಾಗುತ್ತೆ?"

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ತಗೊಂಡು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಆರೋಗ್ಯ ಮಿತ್ರ ಅನ್ನುವವರನ್ನು ವಿಚಾರಿಸಿ.

"ಹತ್ತು ವರ್ಷದ ಹಿಂದೆ ತೆಗೆಸಿದೆ. ಈಗ ಮತ್ತೆ ಏನೋ ಹೊರಗೆ ಬರ್ತಿದೆ. ಇನ್ನು ದಾರಿಯೇ ಇಲ್ವಾ?"

ಇದೆ. ಈಗ ಇಳಿಯುತ್ತಿರುವುದು ಯೋನಿಯ ಮೇಲ್ತುದಿ, ಜೊತೆಗೆ ಕರುಳೂ ಇರಬಹುದು. ರಿಂಗ್ ಈಗಲೂ ಹಾಕಬಹುದು. ಆಪರೇಷನ್ ಬೇಕಾದರೆ ಒಳಗಿನ ನಾರಿಗೆ ಹೊಲಿಯುವುದು, ಇಲ್ಲವೇ ಮೇಲೆ ಹೇಳಿದ ಹಾಗೆ ಬೆನ್ನುಮೂಳೆಗೆ ಕಟ್ಟುವುದು. ಎರಡನೇ ಸಲದ್ದು ಕಷ್ಟದ ಕೆಲಸ, ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ, ಇದನ್ನು ಪದೇ ಪದೇ ಮಾಡುವ ಜಾಗಕ್ಕೇ ಹೋಗಿ. ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ ತಗೊಂಡು ಹೋಗಿ, ಮೊದಲ ಸಲ ಏನನ್ನು ಯಾವುದಕ್ಕೆ ಕಟ್ಟಿದ್ದರು ಅಂತ ಅದರಲ್ಲಿರುತ್ತದೆ. ಪರೀಕ್ಷೆಗೆ ಸಂಜೆ ಹೊತ್ತು ಹೋಗಿ, ದಿನವಿಡೀ ಓಡಾಡಿದ ಮೇಲೆ. ಬೆಳಿಗ್ಗೆ ಮಲಗಿಸಿ ನೋಡಿದಾಗ ಕಾಣದಿದ್ದರೆ "ನಿಂತು ಕೆಮ್ಮುತ್ತೀನಿ, ಆಗ ನೋಡಿ" ಅಂತ ನೀವೇ ಹೇಳಿ.